ಬಸ್ಸು ಹೋಗುವ ಊರಿನಿಂದಲೇ ಶುರು ಮಾಡಿ: ಕಂಪನಿಯೂ ನೌಕರರೂ ಸೇರಿ ಊರಿಗೆ ನೆರವಾಗುವ ಬಗೆ

ಬೆಳಿಗ್ಗೆ ಎಂಟರ ಸುಮಾರಿಗೆ ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಿಂತರೆ ಒಂದರ ಹಿಂದೊಂದು ಬಸ್ಸು ಗೇಟಿನೊಳಗೆ ತಿರುಗುವುದು ಕಾಣುತ್ತದೆ. ಬೇಲೂರಿನ ಕಡೆಯದೊಂದು, ಆಲೂರಿನ ಕಡೆಯದೊಂದು, ಅರಸೀಕೆರೆ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯವು ಮತ್ತಷ್ಟು. ಇಲ್ಲಿನ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ‘ಸಮಾಜಕ್ಕೆ ಏನಾದರೂ ಮಾಡೋಣ’ ಎಂಬ ಮಾತು ಸಭೆಯಲ್ಲಿ ಬಂದಾಗಲೆಲ್ಲ ಯಾವ ಊರಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ಗಂಟೆಗಟ್ಟಲೆ ಚರ್ಚೆ ನಡೆಯುತ್ತಿತ್ತು. ಕೇಳಬೇಕಾದವರು ಅಷ್ಟು ಹೊತ್ತಿಗೆ ಆ ಬಸ್ಸುಗಳಿಂದ ಇಳಿದು, ಊಟದ ಡಬ್ಬಿಯನ್ನು ಗೂಡಿನಲ್ಲಿಟ್ಟು ಕೆಲಸಕ್ಕೆ ಕುಳಿತಿರುತ್ತಿದ್ದರು. ಇದು ನಮಗೆ ಹೊಳೆಯಲು ಬಹಳ ದಿನ ಬೇಕಾಯಿತು. ನಿಮಗೆ ಅಷ್ಟು ದಿನ ಹಿಡಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಇನ್ನೂರು ಮುನ್ನೂರು ಜನ ದುಡಿಯುವ ಕಾರ್ಖಾನೆ, ಕಾಫಿ ಕ್ಯೂರಿಂಗ್ ಘಟಕ, ಎಸ್ಟೇಟ್, ಹೋಟೆಲ್ ಇಂಥವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ. ತೀರಾ ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಜನರಿರುತ್ತಾರೆ. ಮಧ್ಯಮ ಗಾತ್ರದವರಲ್ಲಿ ಮನಸ್ಸಿರುತ್ತದೆ, ದಾರಿ ತಿಳಿದಿರುವುದಿಲ್ಲ.

ಮೊದಲು ಒಳಗಿನ ಲೆಕ್ಕ ಸರಿಯಿರಲಿ

ಕನಿಷ್ಠ ವೇತನ, ಪಿ.ಎಫ್., ಇ.ಎಸ್.ಐ., ಹೆಚ್ಚುವರಿ ದುಡಿಮೆಯ ಕೂಲಿ ಇವುಗಳಲ್ಲಿ ಬಾಕಿ ಇಟ್ಟುಕೊಂಡು ಶಾಲೆಗೆ ಬಣ್ಣ ಹೊಡೆಸಬೇಡಿ. ಆ ಶಾಲೆಯ ಮಕ್ಕಳ ತಾಯಂದಿರೇ ನಿಮ್ಮಲ್ಲಿ ದುಡಿಯುತ್ತಿರುತ್ತಾರೆ. ಯಾವ ತಿಂಗಳ ಸಂಬಳ ತಡವಾಯಿತೆಂದು ಇಡೀ ಊರಿಗೆ ಗೊತ್ತಿರುತ್ತದೆ.

ಬಸ್ಸಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳ ಅನೇಕ ಊರುಗಳಲ್ಲಿ ಕಾಡಾನೆಗಳ ಓಡಾಟವಿದೆ. ಚಳಿಗಾಲದಲ್ಲಿ ಆರೂವರೆಗೆಲ್ಲ ಕತ್ತಲು. ಮುಖ್ಯರಸ್ತೆಯಲ್ಲಿ ಇಳಿದು ಕಾಫಿ ತೋಟದ ನಡುವೆ ಒಂದು ಕಿಲೋಮೀಟರ್ ನಡೆಯಬೇಕಾದ ಹೆಣ್ಣುಮಗಳಿಗೆ ಕಂಪನಿ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಬಸ್ಸನ್ನು ಊರೊಳಗಿನವರೆಗೆ ಕಳುಹಿಸುವುದು. ಆನೆಗಳ ಇರುವಿಕೆಯ ಬಗ್ಗೆ ಅರಣ್ಯ ಇಲಾಖೆ ಮೊಬೈಲಿಗೆ ಕಳುಹಿಸುವ ಎಚ್ಚರಿಕೆಯ ಸಂದೇಶಗಳು ಚಾಲಕನಿಗೆ ಬರುವಂತೆ ನೋಡಿಕೊಳ್ಳಿ. ನೌಕರರಿಗಷ್ಟೇ ಅನುಕೂಲವಾಗುವ ಖರ್ಚನ್ನು ಕಾನೂನು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರದಿದ್ದರೂ ಮಾಡಿ.

ಬಸ್ಸಿನ ದಾರಿಯೇ ನಕ್ಷೆ

ಒಂದು ದೊಡ್ಡ ಹಾಳೆಯ ಮೇಲೆ ನಿಮ್ಮ ಬಸ್ಸುಗಳ ದಾರಿಯನ್ನು ಬರೆಯಿರಿ. ಪ್ರತಿ ನಿಲ್ದಾಣದಲ್ಲಿ ಎಷ್ಟು ಜನ ಹತ್ತುತ್ತಾರೆಂದು ಸಿಬ್ಬಂದಿ ವಿಭಾಗದವರು ಅರ್ಧ ದಿನದಲ್ಲಿ ಹೇಳಬಲ್ಲರು. ಹತ್ತಕ್ಕಿಂತ ಹೆಚ್ಚು ಜನ ಬರುವ ಊರುಗಳನ್ನು ಗುರುತು ಮಾಡಿ. ಮೊದಲ ವರ್ಷಕ್ಕೆ ಅವುಗಳಲ್ಲಿ ಎರಡು ಸಾಕು. ಇಪ್ಪತ್ತು ಊರಿಗೆ ನೋಟ್‌ಪುಸ್ತಕ ಹಂಚುವುದಕ್ಕಿಂತ ಎರಡು ಊರಿಗೆ ಐದು ವರ್ಷ ಹೋಗುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಊರು ಆರಿಸಿದ ಮೇಲೆ ಆ ಊರಿನ ನೌಕರರನ್ನು ಊಟದ ವಿರಾಮದಲ್ಲಿ ಕೂರಿಸಿಕೊಂಡು ಮಾತನಾಡಿ. ಮೇಲ್ವಿಚಾರಕರು ಅಲ್ಲಿರಬಾರದು, ಅವರಿದ್ದರೆ ಮಾತು ಹೊರಡುವುದಿಲ್ಲ. ‘ಊರಿಗೆ ಏನು ಬೇಕು’ ಎಂದು ಕೇಳಿದರೆ ಸಮುದಾಯ ಭವನ, ದೇವಸ್ಥಾನದ ಗೋಪುರ ಎಂಬ ಉತ್ತರ ಬರುತ್ತದೆ. ‘ಹೋದ ತಿಂಗಳು ನೀವು ರಜೆ ಹಾಕಿದ್ದು ಯಾಕೆ?’ ಎಂದು ಕೇಳಿ ನೋಡಿ. ಮಗುವಿಗೆ ವಾಂತಿ ಭೇದಿ, ಅತ್ತೆಯ ಕಣ್ಣಿನ ಪೊರೆ, ಅಂಗನವಾಡಿ ಮುಚ್ಚಿತ್ತು, ನೀರು ಬಂದಿರಲಿಲ್ಲ, ಮೈನೆರೆದ ಮಗಳು ಶಾಲೆಗೆ ಹೋಗಲು ಒಪ್ಪಲಿಲ್ಲ ಎಂಬ ಉತ್ತರಗಳು ಬರುತ್ತವೆ. ನಿಮ್ಮ ಕೆಲಸದ ಪಟ್ಟಿ ಅಲ್ಲೇ ಸಿಕ್ಕಿತು.

ನಮ್ಮದು ಒಂದೇ ಬಗೆಯ ನೆಲವಲ್ಲ ಎಂಬುದೂ ನೆನಪಿರಲಿ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳಲ್ಲಿ ಜೂನ್ ಬಂತೆಂದರೆ ಶಾಲೆಯ ಹೆಂಚು ಸೋರುವುದೇ ದೊಡ್ಡ ಚಿಂತೆ. ಅರಸೀಕೆರೆ, ಕಡೂರು, ಅಜ್ಜಂಪುರದ ಕಡೆ ನೀರಿನದೇ ಚಿಂತೆ. ಸಕಲೇಶಪುರದಲ್ಲಿ ಹೊಂದಿದ ಯೋಜನೆಯನ್ನು ಅರಸೀಕೆರೆಗೆ ಹಾಗೆಯೇ ಒಯ್ಯಲಾಗದು.

ಹೋಗಿ, ಉಗ್ರಾಣದ ಬಾಗಿಲು ತೆರೆಸಿ ನೋಡಿ

ಅರಸೀಕೆರೆ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾವು ಹೋಗಿದ್ದು ಕುಡಿಯುವ ನೀರಿನ ಯಂತ್ರ ಕೊಡಲೆಂದು. ಅಳತೆ ತೆಗೆದುಕೊಳ್ಳಲು ಒಬ್ಬ ತಂತ್ರಜ್ಞನನ್ನೂ ಕರೆದೊಯ್ದಿದ್ದೆವು. ಮುಖ್ಯ ಶಿಕ್ಷಕಿ ನಮ್ಮ ಮಾತನ್ನೆಲ್ಲ ಕೇಳಿ, ಏನೂ ಹೇಳದೆ ಮೇಜಿನ ಖಾನೆಯಿಂದ ಕೀಲಿಗೊಂಚಲು ತೆಗೆದುಕೊಂಡು ಬಿಸಿಯೂಟದ ಅಕ್ಕಿ ಇಡುವ ಕೋಣೆಯ ಪಕ್ಕದ ಉಗ್ರಾಣವನ್ನು ತೆರೆದರು. ಒಳಗೆ ಮುರಿದ ಬೆಂಚುಗಳ ಹಿಂದೆ ಮೂರು ನೀರಿನ ಯಂತ್ರಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಮೂರರ ಮೇಲೂ ಬೇರೆ ಬೇರೆ ದಾನಿಗಳ ಹೆಸರಿನ ಚೀಟಿ. ಒಂದರ ಪ್ಲಾಸ್ಟಿಕ್ ಹೊದಿಕೆಯನ್ನು ಪೂರ್ತಿ ತೆಗೆದಿರಲೂ ಇಲ್ಲ. ನಲ್ಲಿಯ ಬಾಯಿಗೆ ಸುಣ್ಣದಂತೆ ಬಿಳಿಯ ಗಡ್ಡೆ ಕಟ್ಟಿತ್ತು.

‘ನಮ್ಮ ಕೊಳವೆಬಾವಿಯ ನೀರು ಬಹಳ ಗಡಸು ಸರ್. ಫಿಲ್ಟರ್ ಆರು ತಿಂಗಳಿಗೆ ಕಟ್ಟಿಕೊಳ್ಳುತ್ತದೆ. ಯಂತ್ರ ಕೊಡುವವರು ಬರುತ್ತಾರೆ. ಫಿಲ್ಟರ್ ಬದಲಿಸಲು ಯಾರನ್ನು ಕರೆಯಲಿ?’ ಎಂದರು.

ನಾಲ್ಕನೆಯ ಯಂತ್ರವನ್ನು ನಾವು ಕೊಡಲಿಲ್ಲ. ಇದ್ದ ಮೂರರಲ್ಲಿ ಎರಡನ್ನು ರಿಪೇರಿ ಮಾಡಿಸಿದೆವು. ವರ್ಷಕ್ಕೆರಡು ಬಾರಿ ಫಿಲ್ಟರ್ ಬದಲಿಸಲು ಹಾಸನದ ಅಂಗಡಿಯವರೊಬ್ಬರ ಜೊತೆ ಐದು ವರ್ಷದ ಕರಾರು ಮಾಡಿಕೊಂಡೆವು. ಹೊಸ ಯಂತ್ರದ ದುಡ್ಡಿಗಿಂತ ಇದಕ್ಕೆ ಹೆಚ್ಚು ಖರ್ಚಾಯಿತು, ಉದ್ಘಾಟನೆಯ ಕಾರ್ಯಕ್ರಮವೂ ಇರಲಿಲ್ಲ. ಮಕ್ಕಳು ಮಾತ್ರ ಇವತ್ತಿಗೂ ಆ ನೀರು ಕುಡಿಯುತ್ತಿದ್ದಾರೆ.

ಅಂದಿನಿಂದ ನಮ್ಮ ನಿಯಮ ಇಷ್ಟೇ: ಏನನ್ನಾದರೂ ಕೊಡುವ ಮೊದಲು ಹಿಂದೆ ಕೊಟ್ಟದ್ದೇನಾಯಿತು ಎಂದು ನೋಡುವುದು, ಕೊಡುವ ಹಣದಲ್ಲಿ ಒಂದು ಪಾಲನ್ನು ಮುಂದಿನ ನಿರ್ವಹಣೆಗೆಂದೇ ಎತ್ತಿಡುವುದು. ಶೌಚಾಲಯಕ್ಕೂ ಇದೇ ಮಾತು. ಕಟ್ಟಡಕ್ಕಿಂತ ಒಳಗಿನ ಚಿಲಕ, ನೀರು ಬರುವ ನಲ್ಲಿ, ಬಕೆಟ್ಟು, ಬಳಸಿದ ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬ, ಅದನ್ನು ತೊಳೆಯುವವರ ಸಂಬಳ ಇವೇ ಮುಖ್ಯ. ಚಿಲಕವಿಲ್ಲದ ಶೌಚಾಲಯಕ್ಕೆ ಏಳನೇ ತರಗತಿಯ ಹುಡುಗಿ ಹೋಗುವುದಿಲ್ಲ. ದಿನವಿಡೀ ನೀರು ಕುಡಿಯದೆ ಇರುತ್ತಾಳೆ.

ಅನುಮತಿಯ ಕಾಗದಗಳನ್ನು ಹೀಗೆ ಮಾಡಿಸಿ. ಮುಖ್ಯ ಶಿಕ್ಷಕರು ವಿಷಯವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯ ಮುಂದಿಟ್ಟು ಠರಾವು ಬರೆಸಲಿ. ಅದರ ನಕಲಿನೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಟ್ಟು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಕಟ್ಟಡದ ಕೆಲಸವಾದರೆ ಎಂಜಿನಿಯರ್ ಅಂದಾಜು ಪಟ್ಟಿ ಬೇಕು. ಏಪ್ರಿಲ್ ಮೇ ತಿಂಗಳ ರಜೆಯಲ್ಲೇ ಕೆಲಸ ಮುಗಿಯಬೇಕಾದ್ದರಿಂದ ಜನವರಿಯಲ್ಲೇ ಅರ್ಜಿ ಹಾಕಿ. ಮಲೆನಾಡಿನಲ್ಲಿ ಮೇ ಕೊನೆಗೆ ಹೆಂಚು ಇಳಿಸಿದರೆ ಮಳೆ ಕಾಯುವುದಿಲ್ಲ.

ಕಾಯ್ದೆಯ ಲೆಕ್ಕ

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಮೂರು ವರ್ಷ 5, 6, 7 ಕೋಟಿ ಲಾಭವಾಗಿದ್ದರೆ ಸರಾಸರಿ 6 ಕೋಟಿ, ಖರ್ಚು ಮಾಡಬೇಕಾದದ್ದು 12 ಲಕ್ಷ. ಈ ಮೊತ್ತ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಮಿತಿ ಬೇಕಿಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನಿಸಬಹುದು. ಆಡಳಿತ ವೆಚ್ಚ ಶೇ 5ನ್ನು ದಾಟುವಂತಿಲ್ಲ. ಅಂದರೆ 12 ಲಕ್ಷದಲ್ಲಿ 60 ಸಾವಿರ. ಕಂಪನಿ ಇರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಬಸ್ಸಿನ ದಾರಿ ಹಿಡಿಯಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಎಡವುವ ಜಾಗಗಳು ಕೆಲವಿವೆ. ಕೆಲಸ ಈ ಕಾಯ್ದೆಯ ಏಳನೇ ಅನುಸೂಚಿಯಲ್ಲಿರುವ ವಿಷಯಗಳಿಗೆ ಸೇರಿರಬೇಕು. ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ನೈರ್ಮಲ್ಯ, ಪರಿಸರ, ಗ್ರಾಮೀಣಾಭಿವೃದ್ಧಿ ಎಲ್ಲವೂ ಅದರಲ್ಲಿವೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟ ಹಣ ಈ ಲೆಕ್ಕಕ್ಕೆ ಬರುವುದಿಲ್ಲ, ರಾಜಕೀಯ ಪಕ್ಷಕ್ಕೆ ಕೊಟ್ಟದ್ದೂ ಬರುವುದಿಲ್ಲ. ನೌಕರರು ಸ್ವಯಂಸೇವೆಗೆ ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಖರ್ಚು ತೋರಿಸುವಂತಿಲ್ಲ. ಸಂಸ್ಥೆಯೊಂದರ ಮೂಲಕ ಕೆಲಸ ಮಾಡಿಸುವುದಾದರೆ ಆ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿದೆಯೇ ಎಂದು ನೋಡಿ. ವರ್ಷದೊಳಗೆ ಖರ್ಚಾಗದೆ ಉಳಿದ ಹಣಕ್ಕೂ ಗಡುವುಗಳಿವೆ. ಹಲವು ವರ್ಷ ನಡೆಯುವ ಯೋಜನೆಯದಾದರೆ ವರ್ಷ ಮುಗಿದ 30 ದಿನಗಳಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು. ಉಳಿದದ್ದನ್ನು ಆರು ತಿಂಗಳಲ್ಲಿ ಏಳನೇ ಅನುಸೂಚಿಯ ನಿಧಿಗಳಲ್ಲೊಂದಕ್ಕೆ ಕಟ್ಟಬೇಕು. ಮಾರ್ಚ್ ಕೊನೆಯ ವಾರದಲ್ಲಿ ಅವಸರದಿಂದ ಕಂಪ್ಯೂಟರ್ ಕೊಂಡು ಹಂಚುವ ರೂಢಿ ಹುಟ್ಟಿದ್ದೇ ಈ ಗಡುವಿನ ಭಯದಿಂದ. ಫಿಲ್ಟರಿನಂಥ ನಿರ್ವಹಣೆಯ ಕೆಲಸವನ್ನು ಮೊದಲೇ ಹಲವು ವರ್ಷದ ಯೋಜನೆಯೆಂದು ಮಂಡಳಿಯಲ್ಲಿ ಬರೆಸಿಬಿಡಿ. ಆ ಗಡಿಬಿಡಿ ತಪ್ಪುತ್ತದೆ.

ಲಾಭ ಅಷ್ಟಿಲ್ಲದ ಸಣ್ಣ ಕಂಪನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಉಳಿದ ಹೆಜ್ಜೆಗಳಿಗೆ ಅದು ಅಡ್ಡಿಯೂ ಅಲ್ಲ.

ನೌಕರರ ಹಣ, ನೌಕರರ ಮನಸ್ಸು

ತಿಂಗಳಿಗೆ ಐವತ್ತು ರೂಪಾಯಿಯಂತೆ ಇನ್ನೂರು ಜನ ಕೊಟ್ಟರೆ ವರ್ಷಕ್ಕೆ 1,20,000 ರೂಪಾಯಿ. ದೊಡ್ಡ ಮೊತ್ತವೇ. ಆದರೆ ಒತ್ತಾಯದ ಸುಳಿವೂ ಇರಬಾರದು. ಸಂಬಳದಿಂದ ಹಿಡಿಯುವುದಾದರೆ ಪ್ರತಿಯೊಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಯಾವ ತಿಂಗಳಾದರೂ ನಿಲ್ಲಿಸುವ ಅವಕಾಶ ಕೊಡಿ, ಕೊಟ್ಟವರ ಹೆಸರಿನ ಪಟ್ಟಿಯನ್ನು ಎಲ್ಲಿಯೂ ಅಂಟಿಸಬೇಡಿ. ಪಟ್ಟಿ ಅಂಟಿಸಿದ ದಿನವೇ ಕೊಡದವರ ಪಟ್ಟಿಯನ್ನೂ ಅಂಟಿಸಿದಂತಾಗುತ್ತದೆ. ಗಂಡನ ಆಸ್ಪತ್ರೆ ಸಾಲ ತೀರಿಸುತ್ತಿರುವವಳಿಗೆ ಐವತ್ತು ರೂಪಾಯಿ ಸಣ್ಣದಲ್ಲ.

ಹಣ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಲಿ, ಇಬ್ಬರ ಸಹಿಯಿಲ್ಲದೆ ತೆಗೆಯುವಂತಿರಬಾರದು. ಆ ಇಬ್ಬರಲ್ಲಿ ಒಬ್ಬರು ಕಾರ್ಮಿಕರೇ ಆಗಿರಲಿ. ಪ್ರತಿ ತಿಂಗಳು ಬಂದದ್ದು, ಹೋದದ್ದು, ಉಳಿದದ್ದು ಎಂಬ ಮೂರು ಸಾಲನ್ನು ಊಟದ ಮನೆಯ ಫಲಕದಲ್ಲಿ ಕನ್ನಡದಲ್ಲಿ ಬರೆಯಿರಿ. ನೌಕರರು ಕೊಟ್ಟಷ್ಟೇ ಮೊತ್ತವನ್ನು ಕಂಪನಿಯೂ ಸೇರಿಸಿದರೆ ಉತ್ಸಾಹ ಬೆಳೆಯುತ್ತದೆ. ತೆರಿಗೆ ಕಟ್ಟುವ ನೌಕರರು ನೇರವಾಗಿ ಯಾವುದಾದರೂ ಸಂಸ್ಥೆಗೆ ದೇಣಿಗೆ ಕೊಡುವಾಗ ಗಮನಿಸಬೇಕಾದ ಮಾತೊಂದಿದೆ. ರಿಯಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಟ್ಟರೆ ಅವರಿಗೂ ಇಲ್ಲ.

ಕೈಯಲ್ಲಿರುವ ಕೆಲಸವೇ ದಾನ

ಸ್ವಯಂಸೇವೆ ಎಂದ ಕೂಡಲೇ ಕಚೇರಿಯವರೆಲ್ಲ ಟೋಪಿ ಹಾಕಿಕೊಂಡು ಶಾಲೆಯ ಗೋಡೆಗೆ ಬಣ್ಣ ಬಳಿಯುವುದು ಕಣ್ಣ ಮುಂದೆ ಬರುತ್ತದೆ. ಬಣ್ಣ ಬಳಿಯಲು ಊರಿನಲ್ಲೇ ಜನರಿದ್ದಾರೆ, ಅವರಿಗೆ ಕೂಲಿ ಕೊಟ್ಟರೆ ಅದೂ ನೆರವೇ. ನಿಮ್ಮ ನೌಕರರಿಗೆ ಮಾತ್ರ ಗೊತ್ತಿರುವ ಕೆಲಸ ಯಾವುದೆಂದು ಹುಡುಕಿ.

ನಮ್ಮ ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ಐಟಿಐ ಓದಿದ ಎಲೆಕ್ಟ್ರಿಷಿಯನ್ ಒಬ್ಬರಿದ್ದರು. ಅವರ ಮಗಳು ಓದುತ್ತಿದ್ದ ಶಾಲೆಯಲ್ಲಿ ಸ್ವಿಚ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಮಗಳೇ ಮನೆಯಲ್ಲಿ ಹೇಳಿದ್ದಳಂತೆ. ಒಂದು ಶನಿವಾರ ಮಧ್ಯಾಹ್ನ ಅವರು ಇನ್ನಿಬ್ಬರನ್ನು ಕರೆದುಕೊಂಡು ಹೋದರು. ಮೀಟರ್ ಪೆಟ್ಟಿಗೆಯಿಂದ ಹೊರಟ, ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ತಿಂಗ್ ತಂತಿ ಗೋಡೆಯ ಬುಡದಲ್ಲಿ ತುಕ್ಕು ಹಿಡಿದು ತುಂಡಾಗಿತ್ತು, ನೆಲದೊಳಕ್ಕೆ ಹೋಗಿಯೇ ಇರಲಿಲ್ಲ. ಶಾಲೆಯ ಹಿಂದೆ ಗುಂಡಿ ತೋಡಿ, ಪೈಪು ಇಳಿಸಿ, ಸುತ್ತ ಪದರ ಪದರವಾಗಿ ಇದ್ದಿಲು ಮತ್ತು ಕಲ್ಲುಪ್ಪು ತುಂಬಿ, ನೀರು ಹಾಕಿ ಮುಚ್ಚಿದರು. ಹೊಸ ತಂತಿ ಎಳೆದರು. ಪ್ರತಿ ಬೇಸಿಗೆಯಲ್ಲಿ ಆ ಗುಂಡಿಗೆ ಎರಡು ಕೊಡ ನೀರು ಹಾಕಬೇಕೆಂದು ಅಡುಗೆಯವರಿಗೆ ತೋರಿಸಿಕೊಟ್ಟು ಬಂದರು. ಸಾಮಾನಿಗೆ ಆದದ್ದು ಕೆಲವು ಸಾವಿರ ರೂಪಾಯಿ. ಅಲ್ಲಿ ಒಂದು ಮಗುವಿನ ಜೀವ ಹೋಗಬಹುದಿತ್ತು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಹೀಗೆಯೇ ಲೆಕ್ಕಪತ್ರ ವಿಭಾಗದವರು ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವುದನ್ನು ಕಲಿಸಬಹುದು. ಹೊಲಿಗೆ ವಿಭಾಗದವರು ಸಮವಸ್ತ್ರ ಸರಿಮಾಡಿ ಕೊಡಬಹುದು. ಎಂಜಿನಿಯರುಗಳು ನವೆಂಬರಿನಿಂದ ಫೆಬ್ರುವರಿವರೆಗೆ ವಾರಕ್ಕೊಂದು ಸಂಜೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡಬಹುದು. ಒಂದೇ ಷರತ್ತು: ಒಪ್ಪಿಕೊಂಡ ವಾರ ತಪ್ಪಿಸಬಾರದು. ಎರಡು ಸಲ ಕಾದು ಯಾರೂ ಬಾರದಿದ್ದರೆ ಮೂರನೆಯ ಸಲ ಮಕ್ಕಳು ಕಾಯುವುದಿಲ್ಲ. ಈ ಸಮಯಕ್ಕೆ ಕಂಪನಿ ಸಂಬಳ ಸಹಿತ ಬಿಡುವು ಕೊಡಲಿ. ಭಾನುವಾರವನ್ನು ಕೇಳಬೇಡಿ. ಆರು ದಿನ ದುಡಿದವರ ಭಾನುವಾರ ಅವರ ಮನೆಗೆ ಸೇರಿದ್ದು.

ರಕ್ತದಾನ ಒಂದೇ ದಿನ ಬೇಡ

ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಅಂದು ಎಲ್ಲ ಕಡೆ ಶಿಬಿರ. ಆದರೆ ಕೆಂಪು ರಕ್ತಕಣಗಳನ್ನು ಸುಮಾರು 35ರಿಂದ 42 ದಿನ ಮಾತ್ರ ಇಡಬಹುದು, ಪ್ಲೇಟ್‌ಲೆಟ್‌ಗಳು ಐದೇ ದಿನ. ಒಂದೇ ದಿನ ನೂರು ಚೀಲ ಕೊಡುವ ಬದಲು ಸರ್ಕಾರಿ ಆಸ್ಪತ್ರೆಯ ರಕ್ತನಿಧಿ ಕೇಂದ್ರದವರ ಜೊತೆ ಕುಳಿತು, ಯಾವ ತಿಂಗಳು ಕೊರತೆ ಬೀಳುತ್ತದೆ ಎಂದು ಕೇಳಿ, ನೂರು ಜನರನ್ನು ನಾಲ್ಕು ತಂಡ ಮಾಡಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ವಯಸ್ಸು 18 ದಾಟಿರಬೇಕು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು.

ಈ ಕೊನೆಯ ಅಂಕಿಯ ಬಳಿ ಸ್ವಲ್ಪ ನಿಲ್ಲಿ. ಶಿಬಿರದ ಮೇಜಿನಿಂದ ‘ರಕ್ತ ಕಡಿಮೆಯಿದೆ’ ಎಂದು ಹಿಂದಿರುಗುವ ಹೆಣ್ಣುಮಕ್ಕಳನ್ನು ಯಾರೂ ಗಮನಿಸುವುದಿಲ್ಲ. ಅವರ ಪರೀಕ್ಷಾ ಚೀಟಿಯನ್ನು ಅವರ ಕೈಗಷ್ಟೇ ಕೊಟ್ಟು, ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋಗಿ ಬರಲು ಅರ್ಧ ದಿನದ ಬಿಡುವು ಕೊಡಿ. ಕೊಡಲು ಬಂದು ಕೊಡಲಾಗದವರ ಆರೋಗ್ಯವನ್ನು ನೋಡಿಕೊಳ್ಳುವುದೂ ಅದೇ ಶಿಬಿರದ ಕೆಲಸ.

ಕೆರೆ ಮತ್ತು ಗಿಡ

ಕಡೂರು, ಅರಸೀಕೆರೆ ಸೀಮೆಯಲ್ಲಿ ಹೂಳೆತ್ತಿಸುವ ಬಯಕೆ ಎಲ್ಲ ಕಂಪನಿಗಳಿಗೂ ಇರುತ್ತದೆ. ಯಂತ್ರ ಇಳಿಸುವ ಮೊದಲು ಊರಿನ ಹಿರಿಯರೊಬ್ಬರ ಜೊತೆ ಕೆರೆಗೆ ನೀರು ಬರುವ ಕಾಲುವೆಯ ಗುಂಟ ನಡೆದು ಬನ್ನಿ. ಅನೇಕ ಕಡೆ ಕಾಲುವೆ ಮುಚ್ಚಿಹೋಗಿರುತ್ತದೆ ಅಥವಾ ಒತ್ತುವರಿಯಾಗಿರುತ್ತದೆ. ಅದನ್ನು ಬಿಡಿಸದೆ ಕೆರೆ ಆಳ ಮಾಡಿದರೆ ಒಣ ಗುಂಡಿ ದೊಡ್ಡದಾಗುತ್ತದೆ ಅಷ್ಟೇ. ಕಾಲುವೆ, ಏರಿ, ತೂಬು, ಕೋಡಿ, ಕೊನೆಗೆ ಹೂಳು ಎಂಬ ಕ್ರಮದಲ್ಲಿ ಹೋಗಿ. ತಳದ ಜೇಡಿ ಪದರ ಕಿತ್ತು ಬರುವಷ್ಟು ಆಳಕ್ಕೆ ಅಗೆಯಬಾರದು, ನೀರು ನಿಲ್ಲುವುದಿಲ್ಲ. ಕೆರೆ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ಎಂದು ತಿಳಿದು ಅಲ್ಲಿಂದ ಲಿಖಿತ ಅನುಮತಿ ಪಡೆದೇ ಮುಂದುವರಿಯಿರಿ. ಎತ್ತಿದ ಹೂಳು ಮಣ್ಣು ರೈತರ ಹೊಲಕ್ಕೆ ಹೋಗಲಿ.

ಗಿಡ ನೆಡುವುದಾದರೆ ಬಯಲುಸೀಮೆಗೆ ಹೊಂಗೆ, ಬೇವು, ಹುಣಸೆ. ಸಸಿಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಿಗುತ್ತವೆ. ಎರಡು ಮೂರು ಬೇಸಿಗೆ ನೀರು ಹಾಕುವ ವ್ಯವಸ್ಥೆ ಇಲ್ಲದಿದ್ದರೆ ನೆಡಬೇಡಿ. ವರದಿಯಲ್ಲಿ ನೆಟ್ಟ ಸಂಖ್ಯೆಯನ್ನು ಬರೆಯುವ ಬದಲು ಮುಂದಿನ ಯುಗಾದಿಗೆ ಬದುಕುಳಿದ ಸಂಖ್ಯೆಯನ್ನು ಬರೆಯಿರಿ.

ಎಸ್ಟೇಟುಗಳವರಿಗೆ ಒಂದು ಮಾತು

ಚಿಕ್ಕಮಗಳೂರಿನ ಕಡೆ ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ ರೊಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಆ ತಿಂಗಳುಗಳಲ್ಲಿ ಕೂಲಿಯವರ ಲೈನ್ ಮನೆಗಳಿಗೆ ಅಸ್ಸಾಮಿನಿಂದಲೂ ಉತ್ತರ ಕರ್ನಾಟಕದಿಂದಲೂ ಕುಟುಂಬಗಳು ಬರುತ್ತವೆ. ಮಕ್ಕಳು ಕಣದ ಬದಿಯಲ್ಲಿ ತಮ್ಮ ತಂಗಿಯರನ್ನು ಎತ್ತಿಕೊಂಡು ದಿನ ಕಳೆಯುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಜನ್ಮ ದಾಖಲೆ ಇಲ್ಲವೆಂದಾಗಲಿ, ವರ್ಷದ ಮಧ್ಯೆ ಬಂದಿತೆಂದಾಗಲಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ತಾಯಿತಂದೆಗೆ ಇದು ತಿಳಿದಿರುವುದಿಲ್ಲ, ಭಾಷೆಯೂ ಬಾರದು. ಕುಟುಂಬ ಬಂದ ವಾರದಲ್ಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅವರ ಜೊತೆ ಶಾಲೆಗೆ ಹೋಗಿ ಹೆಸರು ಬರೆಸಲಿ. ಬೆಳಿಗ್ಗೆ ಕೂಲಿಯವರನ್ನು ತೋಟಕ್ಕೆ ಬಿಡುವ ಜೀಪು ಮಕ್ಕಳನ್ನು ಶಾಲೆಗೆ ಬಿಟ್ಟು ಬರಲಿ. ಚಿಕ್ಕವರನ್ನು ನೋಡಿಕೊಳ್ಳಲು ಊರಿನ ಒಬ್ಬ ಅಜ್ಜಿಗೆ ಸಂಬಳ ಕೊಟ್ಟರೆ ದೊಡ್ಡ ಹುಡುಗಿಗೂ ಶಾಲೆಗೆ ಬಿಡುವು ಸಿಗುತ್ತದೆ.

ಕೊಟ್ಟ ಮೇಲೆ

ಚಿತ್ರ ತೆಗೆಯುವುದಾದರೆ ದುರಸ್ತಿಯಾದ ಛಾವಣಿಯನ್ನು, ನೀರು ಬೀಳುವ ನಲ್ಲಿಯನ್ನು ತೆಗೆಯಿರಿ. ಚೀಲ ಹಿಡಿದು ಸಾಲಿನಲ್ಲಿ ನಿಂತ ಮಗುವಿನ ಮುಖ ಬೇಡ. ಆ ಮಗುವಿನ ಅಮ್ಮ ನಿಮ್ಮಲ್ಲೇ ಕೆಲಸ ಮಾಡುತ್ತಾಳೆ, ಕಾರ್ಖಾನೆಯ ಗೋಡೆಯ ಮೇಲೆ ಅದನ್ನು ದಿನವೂ ನೋಡಬೇಕಾಗುತ್ತದೆ. ಹೆಸರಿನ ಹಲಗೆ ಬೇಕೇ ಬೇಕೆಂದರೆ ಅಂಗೈಯಗಲ ಸಾಕು. ಅದರಲ್ಲಿ ಕೆಟ್ಟುಹೋದರೆ ಕರೆಯಬೇಕಾದ ದೂರವಾಣಿ ಸಂಖ್ಯೆ ಮೊದಲಿಗೆ ಇರಲಿ.

ಪ್ರತಿ ಊರಿಗೂ ಆ ಊರಿನ ನೌಕರರೊಬ್ಬರನ್ನು ಜವಾಬ್ದಾರರನ್ನಾಗಿ ಮಾಡಿ. ಅಧಿಕಾರಿ ಬೇಡ, ದಿನವೂ ಆ ಬಸ್ಸಿನಲ್ಲಿ ಓಡಾಡುವವರು ಬೇಕು. ಅವರ ಕೈಗೊಂದು ನೂರು ಪುಟದ ಪುಸ್ತಕ ಕೊಡಿ. ಏನು ಕೊಟ್ಟೆವು, ಯಾವಾಗ ಕೊಟ್ಟೆವು, ಮುಂದೆ ಯಾವಾಗ ನೋಡಬೇಕು ಎಂಬ ಮೂರು ಅಂಕಣ. ನಮ್ಮ ಅರಸೀಕೆರೆ ದಾರಿಯ ಪುಸ್ತಕ ಹೊಲಿಗೆ ವಿಭಾಗದ ಒಬ್ಬ ಅಕ್ಕನ ಬಳಿ ಇದೆ. ಮೊನ್ನೆ ಕಚೇರಿಗೆ ಬಂದು ಪುಟ ತೆರೆದು ತೋರಿಸಿದರು. ‘ಸರ್, ಈ ತಿಂಗಳು ಹದಿನೈದಕ್ಕೆ ಫಿಲ್ಟರ್ ಬದಲಿಸಬೇಕು. ಅಂಗಡಿಯವರು ಇನ್ನೂ ಬಂದಿಲ್ಲ. ನೀವು ಫೋನ್ ಮಾಡುತ್ತೀರೋ, ನಾನೇ ಮಾಡಲೋ?’